ಮೊದಲ ರಾಕೆಟ್ ದಪ್ಪಗಿರಲಿ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ನಕ್ಷೆ ಬಂತು. ರಾತ್ರಿ ಊಟ ಮುಗಿಸಿ ಕೂತು ನೋಡಿದೆ. 54 ಮಿಲಿಮೀಟರಿನ ಫೈಬರ್‌ಗ್ಲಾಸ್ ಕೊಳವೆ, ಐ ಮೋಟಾರು, ಎರಡು ಹಂತದಲ್ಲಿ ಬಿಚ್ಚಿಕೊಳ್ಳುವ ಪ್ಯಾರಾಶೂಟು, ನೀನೇ ಬೆಸುಗೆ ಹಾಕಿದ ಫ್ಲೈಟ್ ಕಂಪ್ಯೂಟರು, ಕ್ಯಾಮೆರಾ, ಜಿಪಿಎಸ್, ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಮೂತಿ. ಚೆನ್ನಾಗಿದೆ. ನಾನು ಸುಲಭಕ್ಕೆ ಹೊಗಳುವವನಲ್ಲ ಅಂತ ನಿನಗೆ ಗೊತ್ತು, ಆದರೂ ಹೇಳುತ್ತೇನೆ, ಚೆನ್ನಾಗಿದೆ. ಅದನ್ನು ಜೋಪಾನವಾಗಿ ಎತ್ತಿಡು. ಬರುವ ವರ್ಷ ಇಬ್ಬರೂ ಸೇರಿ ಹಾರಿಸೋಣ. ನಿನ್ನ ಹೈ-ಪವರ್ ರಾಕೆಟ್ಟಿನ ಲೆವೆಲ್ ಒನ್ ಸರ್ಟಿಫಿಕೇಷನ್ನಿಗೆ ಮಾತ್ರ ಅದು ಬೇಡ.

ಮೂತಿ ಊದಿಸಿಕೊಳ್ಳುವ ಮೊದಲು ಪೂರ್ತಿ ಓದು.

ಆ ಪರೀಕ್ಷೆ ಕೇಳುವುದಾದರೂ ಏನು? ರಾಕೆಟ್ಟನ್ನು ನಿನ್ನ ಕೈಯಾರೆ ಕಟ್ಟಿರಬೇಕು. ಎಚ್ ಅಥವಾ ಐ ದರ್ಜೆಯ ಮೋಟಾರಿನಲ್ಲಿ ಹಾರಬೇಕು. ಅಡ್ಡಾದಿಡ್ಡಿ ಹೋಗದೆ ಮೇಲೇರಬೇಕು, ಪ್ಯಾರಾಶೂಟು ಬಿಚ್ಚಬೇಕು. ಇಳಿದದ್ದನ್ನು ನೀನು ಹೊತ್ತು ತಂದು ತೋರಿಸಿದಾಗ, ಇನ್ನೊಂದು ಮೋಟಾರು ತುಂಬಿದರೆ ಹಾಗೇ ಮತ್ತೆ ಹಾರಿಸಬಹುದು ಅನ್ನುವ ಸ್ಥಿತಿಯಲ್ಲಿ ಅದು ಇರಬೇಕು. ಅಷ್ಟೇ. ಎಷ್ಟು ಎತ್ತರ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಎಷ್ಟು ವೇಗ ಅಂತಲೂ ಇಲ್ಲ. ಲಿಖಿತ ಪರೀಕ್ಷೆ ಶುರುವಾಗುವುದೇ ಲೆವೆಲ್ ಟೂನಿಂದ. ಇಲ್ಲಿ ಅಮೆರಿಕದ ಎರಡು ಹವ್ಯಾಸಿ ರಾಕೆಟ್ ಸಂಘಗಳು, ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಆಗಲಿ, ಟ್ರಿಪೋಲಿ ಆಗಲಿ, ಈ ಮೊದಲ ಮೆಟ್ಟಿಲನ್ನು ಬೇಕೆಂದೇ ಹೀಗೆ ತಗ್ಗಿನಲ್ಲಿ ಇಟ್ಟಿವೆ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಬೇಕಾದ ದಿನ ಯಾರೂ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಓವರ್‌ಟೇಕ್ ಮಾಡಿ ತೋರಿಸಲು ಹೋಗುವುದಿಲ್ಲ. ನೀನು ಹೊರಟಿರುವುದು ಅಂಥ ಓವರ್‌ಟೇಕಿಗೆ.

ಯಾಕೆ ಹೊರಟಿದ್ದೀಯ ಅನ್ನುವುದೂ ನನಗೆ ಗೊತ್ತು. ಮಣಿಪಾಲದ ನಿನ್ನ ಗೆಳತಿಯರು ಥ್ರಸ್ಟ್‌ಎಂಐಟಿ ರಾಕೆಟ್ ತಂಡದ ಫೋಟೋಗಳನ್ನು ಕಳಿಸುತ್ತಿರುತ್ತಾರೆ. 2024ರವರೆಗೆ ನಡೆದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಪಂದ್ಯಕ್ಕೆ ನ್ಯೂ ಮೆಕ್ಸಿಕೋ ಮರುಭೂಮಿಗೆ ಬರುತ್ತಿದ್ದ ವಿದ್ಯಾರ್ಥಿ ತಂಡಗಳು ಹತ್ತು ಸಾವಿರ, ಮೂವತ್ತು ಸಾವಿರ ಅಡಿ ಗುರಿ ಇಟ್ಟುಕೊಂಡು ಹಾರಿಸುತ್ತಿದ್ದವು. ಅದನ್ನು ನೋಡಿದ ಕಣ್ಣಿಗೆ ಸಾವಿರ ಚಿಲ್ಲರೆ ಅಡಿ ಏನೂ ಅಲ್ಲ ಅನಿಸುವುದು ಸಹಜ. ಆದರೆ ಅಲ್ಲಿ ಒಂದು ದೊಡ್ಡ ಗುಂಪೇ ವರ್ಷವಿಡೀ ಹಂಚಿಕೊಂಡು ದುಡಿದಿರುತ್ತದೆ. ಒಬ್ಬರು ಪ್ಯಾರಾಶೂಟಿಗೆ, ಒಬ್ಬರು ವೈರಿಂಗಿಗೆ, ಇನ್ನೊಬ್ಬರು ಬರೀ ಲೆಕ್ಕಕ್ಕೆ. ಲೆವೆಲ್ ಒನ್‌ನಲ್ಲಿ ಇರುವುದು ನೀನೊಬ್ಬಳೇ. ಅಂಟು ಹಚ್ಚುವವಳೂ ನೀನೇ, ಮಡಚುವವಳೂ ನೀನೇ, ಬಿಸಿಲಲ್ಲಿ ಹುಡುಕಿಕೊಂಡು ಹೋಗುವವಳೂ ನೀನೇ.

ಈಗ ನಿನ್ನ ನಕ್ಷೆಗೆ ಬರೋಣ. ಅದರಲ್ಲಿ ಬಿಡಿಬಿಡಿಯಾಗಿ ನೋಡಿದರೆ ತಪ್ಪು ಒಂದೂ ಇಲ್ಲ. ತೊಂದರೆ ಇರುವುದು ಮೊದಲ ಆಯ್ಕೆಯಲ್ಲಿ, ಆ ಸಪೂರ ಕೊಳವೆಯಲ್ಲಿ. ಸಪೂರ ಕೊಳವೆಗೆ ಗಾಳಿಯ ತಡೆ ಕಡಿಮೆ. ಅದಕ್ಕೆ ಐ ಮೋಟಾರು ಹಾಕಿದರೆ ಎರಡು ಕಿಲೋಮೀಟರಿನ ಆಸುಪಾಸು ಹೋಗಬಹುದು. ಅಷ್ಟು ಎತ್ತರದಿಂದ ಪ್ಯಾರಾಶೂಟು ಬಿಚ್ಚಿ ಸೆಕೆಂಡಿಗೆ ಐದೂವರೆ ಮೀಟರಿನಂತೆ ಇಳಿದರೆ ನೆಲ ಮುಟ್ಟಲು ಆರು ನಿಮಿಷ ಬೇಕು. ಗಾಳಿ ಸೆಕೆಂಡಿಗೆ ನಾಲ್ಕು ಮೀಟರ್ ಬೀಸುತ್ತಿದ್ದರೂ, ಅದು ಬಹಳ ಸಾಧಾರಣ ಗಾಳಿ, ರಾಕೆಟ್ಟು ಸುಮಾರು ಒಂದೂವರೆ ಕಿಲೋಮೀಟರ್ ತೇಲಿ ಹೋಗುತ್ತದೆ. ಅದು ತೇಲಬಾರದು ಅಂತ ನೀನು ಪ್ಯಾರಾಶೂಟನ್ನು ಎರಡು ಮಾಡಿದೆ, ಏರಿಕೆಯ ತುದಿಯಲ್ಲಿ ಚಿಕ್ಕದು, ನೆಲದ ಹತ್ತಿರ ದೊಡ್ಡದು. ಎರಡಾದ ಮೇಲೆ ಯಾವಾಗ ಯಾವುದು ಅಂತ ಹೇಳಲು ಆಲ್ಟಿಮೀಟರು ಬೇಕಾಯಿತು. ಆಲ್ಟಿಮೀಟರಿಗೆ ಬ್ಯಾಟರಿ, ಸ್ವಿಚ್ಚು, ಅವನ್ನೆಲ್ಲ ಕೂರಿಸಲು ಒಂದು ಪ್ರತ್ಯೇಕ ಖಾನೆ, ಆ ಖಾನೆಗೆ ಹೊರಗಿನ ಗಾಳಿಯ ಒತ್ತಡ ತಿಳಿಯಲು ಅಳತೆಗೆ ಸರಿಯಾದ ತೂತು, ಎರಡು ಕಡೆ ಕರಿಮದ್ದಿನ ಪೊಟ್ಟಣ, ಅದು ಸಾಕೋ ಹೆಚ್ಚೋ ಅಂತ ನೆಲದ ಮೇಲೆ ಪರೀಕ್ಷೆ, ದೊಡ್ಡ ಪ್ಯಾರಾಶೂಟು ಅವಸರಕ್ಕೆ ಹೊರಬೀಳದಂತೆ ಪ್ಲಾಸ್ಟಿಕ್ಕಿನ ಶಿಯರ್ ಪಿನ್ನು. ಇಷ್ಟಾದರೂ ಎಲ್ಲಿ ಬಿತ್ತೋ ಅನ್ನುವ ಅನುಮಾನಕ್ಕೆ ಜಿಪಿಎಸ್. ಇಷ್ಟೆಲ್ಲ ಹುಟ್ಟಿದ್ದು ಆ ಒಂದು ಕೊಳವೆಯಿಂದ.

ಅದರ ಬದಲು ನಾಲ್ಕು ಇಂಚು ವ್ಯಾಸದ ದಪ್ಪ ರಟ್ಟಿನ ಕೊಳವೆ ತೆಗೆದುಕೋ. ಎಲ್‌ಒಸಿ ಕಂಪನಿಯ ಎಲ್‌ಒಸಿ ಫೋರ್, ಅಪೋಜಿಯವರ ಜೆಫಿರ್, ಇಂಥ ಕಿಟ್ಟುಗಳಲ್ಲಿ ಲೆವೆಲ್ ಒನ್ ಮುಗಿಸಿದವರು ಲೆಕ್ಕವಿಲ್ಲದಷ್ಟು. ಪ್ಲೈವುಡ್ಡಿನ ಫಿನ್ನುಗಳು, ಟೊಳ್ಳು ಪ್ಲಾಸ್ಟಿಕ್ಕಿನ ಮೂತಿ, ಒಂದೇ ಪ್ಯಾರಾಶೂಟು. ಮೋಟಾರು ತುಂಬಿದಾಗ ತೂಕ ಒಂದೂವರೆ ಕಿಲೋ ಆಯಿತು ಅಂತಿಟ್ಟುಕೋ. ಏರೋಟೆಕ್‌ನವರ ಎಚ್135ಡಬ್ಲ್ಯೂ-14ಎ ಅನ್ನುವ, ಒಂದೇ ಸಲಕ್ಕೆ ಬಳಸಿ ಎಸೆಯುವ ಮೋಟಾರಿದೆ. ಆ ಹೆಸರಲ್ಲೇ ಅದರ ಜಾತಕ ಇದೆ. ಎಚ್ ಅಂದರೆ ಒಟ್ಟು ನೂಕು 160ರಿಂದ 320 ನ್ಯೂಟನ್-ಸೆಕೆಂಡಿನ ಒಳಗೆ. ಅಕ್ಷರ ಒಂದು ಏರಿದಂತೆ ಈ ಮಿತಿ ದುಪ್ಪಟ್ಟಾಗುತ್ತದೆ. 135 ಅಂದರೆ ಸರಾಸರಿ ನೂಕುಬಲ 135 ನ್ಯೂಟನ್. ಡಬ್ಲ್ಯೂ ಅಂದರೆ ಬಿಳಿ ಜ್ವಾಲೆ ಉಗುಳುವ ವೈಟ್ ಲೈಟ್ನಿಂಗ್ ಇಂಧನ. 14 ಸೆಕೆಂಡು ಅದರ ಅತಿ ಉದ್ದದ ಡಿಲೇ, ಅಂದರೆ ಉರಿದು ಮುಗಿದ ಮೇಲೆ ಪ್ಯಾರಾಶೂಟನ್ನು ಹೊರತಳ್ಳುವ ಮದ್ದು ಸಿಡಿಯುವವರೆಗಿನ ಹೊತ್ತು. ಎ ಅಂದರೆ ಅದನ್ನು ಕಡಿಮೆ ಮಾಡಿಕೊಳ್ಳಬಹುದು. ನಿನ್ನ ರಾಕೆಟ್ಟಿನ ಭಾರ ಹದಿನೈದು ನ್ಯೂಟನ್ನಿಗೆ ಕೂದಲೆಳೆ ಕಡಿಮೆ, ನೂಕುಬಲ ಅದರ ಒಂಬತ್ತು ಪಟ್ಟು. ಐದು ಪಟ್ಟಿದ್ದರೆ ಸಾಕು ಅನ್ನುವುದು ಮೈದಾನದ ರೂಢಿ. ಉಡಾವಣೆಯ ಕಂಬಿಯನ್ನು ಬಿಡುವಷ್ಟರಲ್ಲಿ ಫಿನ್ನಿಗೆ ಗಾಳಿಯ ಹಿಡಿತ ಸಿಗುವಷ್ಟು ವೇಗ ಆರಾಮಾಗಿ ಬರುತ್ತದೆ.

ನನ್ನ ಅಂದಾಜಿಗೆ ಅದು ನಾನೂರು ಮೀಟರಿಗಿಂತ ತುಸು ಮೇಲೆ ಹೋಗುತ್ತದೆ. ಇಳಿಯಲು ಒಂದೂಕಾಲು ನಿಮಿಷ. ಅದೇ ಗಾಳಿಯಲ್ಲಿ ಮುನ್ನೂರು ಮೀಟರ್ ಚಿಲ್ಲರೆ ತೇಲುತ್ತದೆ. ಉಡಾವಣೆಯಿಂದ ಇಳಿಯುವವರೆಗೂ ಕಣ್ಣಿಗೆ ಕಾಣುತ್ತಿರುತ್ತದೆ, ನಡೆದು ಹೋಗಿ ತರಬಹುದು. ದಪ್ಪಗಿದ್ದದ್ದರಿಂದ ಎತ್ತರ ಕಡಿಮೆ, ಎತ್ತರ ಕಡಿಮೆಯಾದ್ದರಿಂದ ಆ ಆಲ್ಟಿಮೀಟರು, ಸ್ವಿಚ್ಚು, ಪಿನ್ನು, ಪೊಟ್ಟಣ ಯಾವುದೂ ಬೇಡ. ಲೆಕ್ಕ ನನ್ನದು ನಂಬಬೇಡ, ಓಪನ್‌ರಾಕೆಟ್‌ನಲ್ಲಿ ನೀನೇ ಹಾಕಿ ನೋಡು. ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ 2009ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಬರೆದ ತಂತ್ರಾಂಶ ಅದು, ಇವತ್ತಿಗೂ ಪುಕ್ಕಟೆ.

ರಟ್ಟು ಅಂದ ಕೂಡಲೇ ನಿನಗೆ ಅದು ಮಕ್ಕಳಾಟ ಅನಿಸಿದರೆ ಒಂದು ಕಥೆ ಹೇಳುತ್ತೇನೆ. ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಅಂತ ಚಪ್ಪಲಿ ಅಂಗಡಿಯವನಿದ್ದ. ಪಟಾಕಿ ಮದ್ದಿನ ಹುಚ್ಚು. ಅವನ ತಮ್ಮನೋ ಅಣ್ಣನೋ, ರಾಬರ್ಟ್, ಮಾದರಿ ವಿಮಾನಗಳ ಹುಚ್ಚಿನವನು. ರಾಕೆಟ್ ಹೇಗೆ ಕೆಲಸ ಮಾಡುತ್ತದೆ ಅಂತ ಭಾಷಣದಲ್ಲಿ ತೋರಿಸಲು ಅವನಿಗೊಂದು ಮಾದರಿ ಬೇಕಿತ್ತು. 1954ರಲ್ಲಿ ಇಬ್ಬರೂ ಸೇರಿ ಕಾಗದದ ಕೊಳವೆಗೆ ಮೊದಲೇ ತುಂಬಿಟ್ಟ ಮೋಟಾರು ಸಿಕ್ಕಿಸಿದರು. ಮೋಟಾರಿನ ಕೊನೆಯಲ್ಲಿ ಚಿಟಿಕೆ ಮದ್ದು, ಅದು ಸಿಡಿದಾಗ ಹೊರಬರುವ ಪ್ಯಾರಾಶೂಟು. ಹೆಸರು ರಾಕ್-ಎ-ಚೂಟ್. ಆ ಕಾಲಕ್ಕೆ ಹುಡುಗರು ಕಬ್ಬಿಣದ ಪೈಪಿಗೆ ಸಿಕ್ಕಿದ್ದೆಲ್ಲ ತುರುಕಿ ಕೈ ಕಣ್ಣು ಕಳೆದುಕೊಳ್ಳುತ್ತಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡಿದ್ದ ಜಿ. ಹ್ಯಾರಿ ಸ್ಟೈನ್ ಈ ಅಪಾಯದ ಬಗ್ಗೆ ಪತ್ರಿಕೆಗೆ ಬರೆದಿದ್ದನ್ನು ಓದಿ ಕಾರ್ಲೈಲ್ ಅವನನ್ನು ಸಂಪರ್ಕಿಸಿದ. ನ್ಯಾಷನಲ್ ಅಸೋಸಿಯೇಷನ್ ಹುಟ್ಟಿದ್ದು 1957ರಲ್ಲಿ. ಪುಟ್ಟಿ, ನಾನು ನಿನಗೆ ಕಟ್ಟು ಅನ್ನುತ್ತಿರುವುದು ಆ ಚಪ್ಪಲಿ ಅಂಗಡಿಯವನ ರಾಕೆಟ್ಟನ್ನೇ, ಅಳತೆ ಮಾತ್ರ ದೊಡ್ಡದು.

ಇಂಧನದ ಮಾತಿಗೆ ಬಂದರೆ ನಿನ್ನ ಅಮ್ಮನಿಗೆ ಇರುವ ಹೆದರಿಕೆ ಬೇರೆ. ಫೋನ್ ಮಾಡಿ ‘ಮದ್ದುಗುಂಡು ಮುಟ್ಟಿಸಬೇಡ’ ಅಂದಳು. ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಕಲೆಸಿ ಗಟ್ಟಿ ಮಾಡಿದ ಪದಾರ್ಥ ಅದು, ಉರಿಯುತ್ತದೆ, ಸಿಡಿಯುವ ಜಾತಿ ಅಲ್ಲ. ಇದನ್ನು ಸ್ಫೋಟಕ ಅಂತ ಅಮೆರಿಕ ಸರ್ಕಾರ ಪಟ್ಟಿಗೆ ಸೇರಿಸಿದ್ದಕ್ಕೆ ಎರಡೂ ಸಂಘಗಳು 2000ದಲ್ಲಿ ಕೋರ್ಟಿಗೆ ಹೋಗಿ 2009ರಲ್ಲಿ ಗೆದ್ದವು. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಉರಿಯುವುದೂ ಇದೇ ಕುಲದ ಇಂಧನ. ಅಲ್ಲಿ ಸುಮಾರು 138 ಟನ್, ನಿನ್ನಲ್ಲಿ ಒಂದು ಹಿಡಿ. ಅಮ್ಮನಿಗೆ ಟನ್ನಿನ ಮಾತು ಹೇಳಬೇಡ, ಹಿಡಿಯ ಮಾತು ಹೇಳು.

ನಿನ್ನ ತಲೆ ನಿಜವಾಗಿ ಓಡಬೇಕಾದ ಜಾಗ ಈ ಸರಳ ರಾಕೆಟ್ಟಿನಲ್ಲೂ ಇದೆ. ಆ ಡಿಲೇ ನೋಡು. ಮೋಟಾರು ಉರಿಯುವುದು ಒಂದೂವರೆ ಸೆಕೆಂಡಿನ ಮೇಲೆ ಒಂದಿಷ್ಟು. ಆಮೇಲೆ ರಾಕೆಟ್ಟು ಬಂದ ವೇಗದಲ್ಲೇ ಏರುತ್ತಾ ಏಳೆಂಟು ಸೆಕೆಂಡಿಗೆ ತುದಿ ಮುಟ್ಟುತ್ತದೆ. ಮದ್ದು ಸಿಡಿಯಬೇಕಾದ್ದು ಆಗ. ಕಾರ್ಖಾನೆಯಿಂದ ಬಂದ ಹಾಗೇ ಹದಿನಾಲ್ಕು ಸೆಕೆಂಡು ಬಿಟ್ಟರೆ ಅಷ್ಟರಲ್ಲಿ ಅದು ಮೂತಿ ಕೆಳಗೆ ಮಾಡಿ ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಬೀಳುತ್ತಿರುತ್ತದೆ. ಆ ವೇಗದಲ್ಲಿ ಪ್ಯಾರಾಶೂಟು ಬಿಚ್ಚಿಕೊಂಡರೆ ಹಗ್ಗ ರಟ್ಟಿನ ಕೊಳವೆಯನ್ನು ಬಾಯಿಯಿಂದ ಕೆಳಗೆ ಸೀಳಿಕೊಂಡು ಹೋಗುತ್ತದೆ. ಇಲ್ಲಿನವರು ಅದಕ್ಕೆ ಜಿಪ್ಪರ್ ಅನ್ನುತ್ತಾರೆ. ಸೀಳಿದರೆ ಪರೀಕ್ಷೆ ಫೇಲು. ಡಿಲೇ ಕೊರೆಯಲು ಕೈಯಲ್ಲಿ ತಿರುಗಿಸುವ ಒಂದು ಉಪಕರಣ ಬರುತ್ತದೆ, ಎರಡೆರಡು ಸೆಕೆಂಡಿನಂತೆ ಕಡಿಮೆ ಮಾಡಬಹುದು. ಆರು ಸೆಕೆಂಡಿನಷ್ಟು ಕೊರೆದರೆ ಎಂಟು ಉಳಿಯುತ್ತದೆ. ಓಪನ್‌ರಾಕೆಟ್ ಏನು ಹೇಳಿತು, ನಿನ್ನ ರಾಕೆಟ್ಟಿನ ನಿಜವಾದ ತೂಕ ಎಷ್ಟು, ಎರಡನ್ನೂ ಮುಂದಿಟ್ಟುಕೊಂಡು ಕೊರೆ. ಕಂಪ್ಯೂಟರಿನಲ್ಲಿದ್ದ ತೂಕವೂ ಅಂಟು, ಬಣ್ಣ ಎಲ್ಲ ಸೇರಿದ ಮೇಲಿನ ತೂಕವೂ ಯಾವತ್ತೂ ಒಂದೇ ಆಗಿರುವುದಿಲ್ಲ. ಅಡಿಗೆ ಮನೆಯ ತಕ್ಕಡಿ ಸಾಕು.

ತೂಕ ನೋಡುವಾಗಲೇ ಗುರುತ್ವ ಕೇಂದ್ರವನ್ನೂ ನೋಡಿಬಿಡು. ಮೋಟಾರು, ಪ್ಯಾರಾಶೂಟು ಎಲ್ಲ ತುಂಬಿದ ಮೇಲೆ ದಾರದ ಕುಣಿಕೆಯಲ್ಲಿ ಅಡ್ಡ ತೂಗುಹಾಕಿ, ಸಮವಾಗಿ ನಿಂತ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕು. ಗಾಳಿಯ ಒತ್ತಡವೆಲ್ಲ ಒಟ್ಟಾಗಿ ತಾಗುವ ಬಿಂದು, ಅಂದರೆ ಒತ್ತಡ ಕೇಂದ್ರ, ಅದಕ್ಕಿಂತ ಕಡೇಪಕ್ಷ ಒಂದು ಕೊಳವೆಯಗಲ, ಅಂದರೆ ನಾಲ್ಕು ಇಂಚು, ಹಿಂದೆ ಇರಬೇಕು. ಜೇಮ್ಸ್ ಬ್ಯಾರೊಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟ ಸೂತ್ರದಿಂದಲೇ ಇವತ್ತಿಗೂ ಎಲ್ಲರೂ ಅದನ್ನು ಲೆಕ್ಕ ಹಾಕುವುದು. ಫಿನ್ನಿಗೆ ಧಾರಾಳವಾಗಿ ಎಪಾಕ್ಸಿ ಬಳಿದೆಯೋ, ಭಾರ ಹಿಂದಕ್ಕೆ ಸರಿಯಿತು. ಸುರಕ್ಷತಾ ಅಧಿಕಾರಿ ರಾಕೆಟ್ಟನ್ನು ಕೈಗೆತ್ತಿಕೊಂಡು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೊಂದು.

ಫಿನ್ನು ಕೊಳವೆಯ ಹೊರಮೈಗಷ್ಟೇ ಅಂಟಿದ್ದರೆ ಸಾಲದು. ಸೀಳಿನೊಳಗಿಂದ ತೂರಿ ಮೋಟಾರಿನ ಕೊಳವೆಗೆ ಕೂತಿರಬೇಕು, ಎರಡೂ ಕಡೆ ಅಂಟಿನ ಕಟ್ಟೆ ಇರಬೇಕು. ಐದು ನಿಮಿಷದ ಎಪಾಕ್ಸಿ ತರಬೇಡ. ಅರ್ಧ ಗಂಟೆಯದ್ದು ತಾ, ನಿಧಾನಕ್ಕೆ ಮಾಡು. ರಟ್ಟಿಗೂ ಮರಕ್ಕೂ ಬಡಗಿಯ ಹಳದಿ ಅಂಟೂ ಚೆನ್ನಾಗಿ ಹಿಡಿಯುತ್ತದೆ. ಹಚ್ಚುವ ಮೊದಲು ಕೊಳವೆಯ ನುಣುಪು ಕಾಗದವನ್ನು ಉಪ್ಪುಕಾಗದದಲ್ಲಿ ಉಜ್ಜುವುದು ಮರೆಯಬೇಡ.

ಪ್ಯಾರಾಶೂಟು ಸುಮಾರು ಮೂರೂವರೆ ಅಡಿ ಅಗಲದ್ದು ಸಾಕು. ಹಾರಿಸುವ ಬೆಳಿಗ್ಗೆ ಮಡಚು, ಹಿಂದಿನ ವಾರವೇ ಮಡಚಿ ತುರುಕಿಟ್ಟರೆ ಗೆರೆ ಬಿದ್ದು ಅಂಟಿಕೊಳ್ಳುತ್ತದೆ. ಸ್ವಲ್ಪ ಟಾಲ್ಕಮ್ ಪೌಡರ್ ಉದುರಿಸು. ಬೆಂಕಿ ತಗಲದ ನೋಮೆಕ್ಸ್ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯ ಮುಚ್ಚಿದ ಬದಿ ಮೋಟಾರಿನ ಕಡೆಗೆ ಇರುವಂತೆ ಇಳಿಸು. ಒತ್ತಿ ತುರುಕಬೇಕಾಗಿ ಬಂದರೆ ಮಡಚಿದ್ದು ಸರಿಯಿಲ್ಲ ಅಂತ ಅರ್ಥ, ತೆಗೆದು ಮತ್ತೆ ಮಡಚು. ಆಮೇಲೆ ಮೂತಿ ಹಾಕಿ, ಮೂತಿಯನ್ನೇ ಹಿಡಿದು ಇಡೀ ರಾಕೆಟ್ಟನ್ನು ಎತ್ತು. ಸುಮ್ಮನೆ ಹಿಡಿದಾಗ ಬೀಳಬಾರದು, ಮೆಲ್ಲಗೆ ಕುಲುಕಿದಾಗ ಕಳಚಿಕೊಳ್ಳಬೇಕು. ಸಡಿಲವಾದರೆ ಮೂತಿಯ ಬುಡಕ್ಕೆ ಮಾಸ್ಕಿಂಗ್ ಟೇಪಿನ ಒಂದು ಸುತ್ತು, ಬಿಗಿಯಾದರೆ ಒಂದು ಸುತ್ತು ಕಿತ್ತು ಹಾಕು. ಕಂಪ್ಯೂಟರಿನಲ್ಲಿ ಇದಕ್ಕೆ ಯಾವ ಬಟನ್ನೂ ಇಲ್ಲ, ಕೈಗೇ ಗೊತ್ತಾಗಬೇಕು.

ಈಚೆಗೆ ನಮ್ಮ ಮೈದಾನದಲ್ಲಿ ಒಬ್ಬ ಹುಡುಗ ನಿನ್ನ ನಕ್ಷೆಯಂಥದ್ದನ್ನೇ ತಂದಿದ್ದ. ನೋಡಲು ಕಣ್ಣು ಕುಕ್ಕುವ ಹಾಗಿತ್ತು. ಏರಿದ್ದೂ ಚೆನ್ನಾಗಿಯೇ ಏರಿತು. ಆಮೇಲೆ ಏನೂ ಬಿಚ್ಚಲಿಲ್ಲ. ‘ಹೆಡ್ಸ್ ಅಪ್’ ಅಂತ ಧ್ವನಿವರ್ಧಕದಲ್ಲಿ ಕೂಗು ಕೇಳಿ ಎಲ್ಲರೂ ಆಕಾಶ ನೋಡುತ್ತಾ ನಿಂತೆವು, ಅದು ದೂರದಲ್ಲಿ ನೆಲಕ್ಕೆ ನಾಟಿಕೊಂಡಿತು. ಅಗೆದು ತಂದು ಮೇಜಿನ ಮೇಲೆ ಹರಡಿದಾಗ ಒಬ್ಬರು ಬ್ಯಾಟರಿ ಅಂದರು, ಒಬ್ಬರು ಸ್ವಿಚ್ಚು ಅಂದರು, ಇನ್ನೊಬ್ಬರು ಅವನು ಬರೆದ ಕೋಡನ್ನೇ ಅನುಮಾನಿಸಿದರು. ವೈರು ಮೊದಲೇ ಬಿಟ್ಟಿತ್ತೋ ಬಿದ್ದ ಹೊಡೆತಕ್ಕೆ ಬಿಟ್ಟಿತೋ ಹೇಳುವ ಹಾಗಿರಲಿಲ್ಲ. ರಾಕೆಟ್ಟು ಹೋದದ್ದಕ್ಕಿಂತ ನನಗೆ ಕೆಟ್ಟದೆನಿಸಿದ್ದು ಅದು. ಅಷ್ಟು ತಿಂಗಳು ದುಡಿದು, ಅಷ್ಟು ಕಳೆದುಕೊಂಡು, ಹುಡುಗ ಕಾರಣ ತಿಳಿಯದೆ ಮನೆಗೆ ಹೋದ. ನಾನು ಹೇಳುವ ರಾಕೆಟ್ಟೂ ಕೈಕೊಡಬಹುದು, ಕೊಡುವುದಿಲ್ಲ ಅಂತ ನಾನು ಬರೆದುಕೊಡಲಾರೆ. ಆದರೆ ಅದರಲ್ಲಿ ಅಡಗಿ ಕೂರಲು ಜಾಗ ಕಡಿಮೆ. ಪ್ಯಾರಾಶೂಟು ಸುಟ್ಟಿದ್ದರೆ ಬಟ್ಟೆ ಸುತ್ತಿದ್ದು ಸರಿಯಿಲ್ಲ. ತಡವಾಗಿ ಬಿಚ್ಚಿದರೆ ಡಿಲೇ ಲೆಕ್ಕ ತಪ್ಪು. ಹೊರಗೇ ಬರದಿದ್ದರೆ ಮೂತಿ ಬಿಗಿ, ಇಲ್ಲವೇ ತುರುಕಿದ್ದು ಹೆಚ್ಚು. ಅವತ್ತೇ ಗೊತ್ತಾಗುತ್ತದೆ, ಮುಂದಿನ ತಿಂಗಳು ಸರಿ ಮಾಡಿಕೊಂಡು ಬರಬಹುದು.

ನಿನ್ನ ಆಲ್ಟಿಮೀಟರ್ ವಿಷಯದಲ್ಲಿ ಒಂದು ರಾಜಿಗೆ ನಾನು ತಯಾರು. ಹಾಕು, ಬೇಕಾದರೆ ಹಾಕು. ಎತ್ತರ ಅಳೆಯಲಿ, ದಾಖಲಿಸಲಿ. ಏನನ್ನೂ ಬಿಚ್ಚಿಸುವ ಅಧಿಕಾರ ಮಾತ್ರ ಅದಕ್ಕೆ ಬೇಡ. ಅದು ಕೆಟ್ಟರೂ ಹಾರಾಟ ಕೆಡಬಾರದು. ಆ ದಾಖಲೆಯನ್ನು ಓಪನ್‌ರಾಕೆಟ್ಟಿನ ಗೆರೆಯ ಪಕ್ಕ ಇಟ್ಟು ನೋಡಿದರೆ ನಿನ್ನ ಮುಂದಿನ ರಾಕೆಟ್ಟಿಗೆ ಅದೇ ದೊಡ್ಡ ಉಪಕಾರ. ಕ್ಯಾಮೆರಾ ಬೇಡವೇ ಬೇಡ. ಹೊರಮೈಗೆ ಅಂಟಿಸಿದ ಗೂಡು ಒಂದು ಪಕ್ಕದ ಗಾಳಿ ಕೆಡಿಸುತ್ತದೆ. ಫೋಟೋ ನಿನ್ನ ಅತ್ತೆ ತೆಗೆಯುತ್ತಾಳೆ.

ಮೈದಾನದ ವಿಷಯ. ಲೂಸರ್ನ್ ಒಣಕೆರೆ ಗೊತ್ತಲ್ಲ, ಮೊಹಾವಿ ಮರುಭೂಮಿಯದ್ದು. ಮರವಿಲ್ಲ, ಜೋಳದ ಹೊಲವಿಲ್ಲ, ಹುಡುಕಲು ಸುಲಭ. ಆದರೆ ನೆಲ ಒಣಗಿದ ಜೇಡಿ, ಕಲ್ಲಿನ ಹಾಗೆ. ಇಳಿಯುವ ವೇಗ ಹೆಚ್ಚಾದರೆ ಫಿನ್ನಿನ ಮೂಲೆ ಮುರಿಯುತ್ತದೆ, ಅದಕ್ಕೇ ಪ್ಯಾರಾಶೂಟಿನಲ್ಲಿ ಜಿಪುಣತನ ಮಾಡಬೇಡ ಅನ್ನುವುದು. ಮಧ್ಯಾಹ್ನ ಗಾಳಿ ಏಳುತ್ತದೆ. ಗಂಟೆಗೆ ಇಪ್ಪತ್ತು ಮೈಲಿ ದಾಟಿದರೆ ಯಾರೂ ಹಾರಿಸುವ ಹಾಗಿಲ್ಲ. ಅಷ್ಟಾಗುವವರೆಗೆ ಕಾಯಬಾರದು, ಬೆಳಿಗ್ಗೆ ಎಂಟೊಂಬತ್ತಕ್ಕೆ ನಿನ್ನದು ಮುಗಿಯಬೇಕು. ಇಗ್ನೈಟರನ್ನು ಕಂಬದ ಹತ್ತಿರ, ರಾಕೆಟ್ಟು ನೆಟ್ಟಗೆ ನಿಂತ ಮೇಲಷ್ಟೇ ಹಾಕುವುದು. ಮೋಟಾರಿನ ಒಳತೂತಿನಲ್ಲಿ ಮೇಲಿನ ತುದಿ ತಾಕುವವರೆಗೆ ತಳ್ಳಬೇಕು, ಅರ್ಧಕ್ಕೇ ನಿಂತರೆ ಬುಸ್ ಅಂದು ಆರಿಹೋಗುತ್ತದೆ. ಇಗ್ನೈಟರಿಗೆ ಕರೆಂಟು ಕೊಡುವ ಕ್ಲಿಪ್ಪಿನ ಬಾಯಿಯನ್ನು ಉಪ್ಪುಕಾಗದದಲ್ಲಿ ಒರೆಸು, ಹಿಂದಿನವರ ಮಸಿ ಕೂತಿರುತ್ತದೆ.

ಮೋಟಾರನ್ನು ಮೊದಲೇ ತರಿಸುವ ಗೋಜಿಗೆ ಹೋಗಬೇಡ. ಸರ್ಟಿಫಿಕೇಟು ಇಲ್ಲದವರಿಗೆ ಎಚ್ ಮಾರುವುದಿಲ್ಲ, ಪರೀಕ್ಷೆಗೆ ಬಂದವರಿಗೆ ಮೈದಾನದಲ್ಲೇ ಮಾರಾಟಗಾರರು ಕೊಡುತ್ತಾರೆ. ಯಾವುದು ಬೇಕು ಅಂತ ಒಂದು ವಾರ ಮುಂಚೆ ಹೇಳಿಟ್ಟರೆ ಸಾಕು, ಅದನ್ನು ನಾನು ಹೇಳುತ್ತೇನೆ. ಶುಕ್ರವಾರ ರಾತ್ರಿಯೇ ಮನೆಗೆ ಬಂದುಬಿಡು. ಬೆಳಿಗ್ಗೆ ನಾಲ್ಕಕ್ಕೆ ಹೊರಡುವುದು, ಅತ್ತೆ ಚಿತ್ರಾನ್ನ ಕಟ್ಟಿಕೊಡುತ್ತಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಫಾರಂ ಮೇಲೆ ನಾನು ಸಹಿ ಹಾಕುವುದಿಲ್ಲ. ಬೇರೆ ಸದಸ್ಯರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಅವರು ನಿನ್ನ ಫಿನ್ನು ಹಿಡಿದು ಅಲ್ಲಾಡಿಸಿ ನೋಡುತ್ತಾರೆ, ಅಡ್ಡ ಪ್ರಶ್ನೆ ಕೇಳುತ್ತಾರೆ. ನಾನು ದೂರ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನನ್ನ ಕಡೆ ತಿರುಗಿ ನೋಡಬೇಡ, ಉತ್ತರ ನೀನೇ ಕೊಡು.

ಇತಿ ನಿನ್ನ ಪ್ರೀತಿಯ
ಮಾವ

ತಾ.ಕ.: ಮೋಟಾರು ಎರಡು ಕೊಂಡು ಒಂದು ಮಿಕ್ಕಿದರೆ ನನ್ನ ಗ್ಯಾರೇಜಿನಲ್ಲಿ ಬಿಟ್ಟು ಹೋಗು. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ತಮ್ಮನಿಗೆ ತೋರಿಸುತ್ತೇನೆ ಅಂತ ಸೂಟ್‌ಕೇಸಿಗೆ ಹಾಕೀಯ! ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಖಾಲಿ ರಾಕೆಟ್ಟು ಒಯ್ಯಬಹುದು, ಫಿನ್ನು ಮುರಿಯದಂತೆ ಸೀರೆಗಳ ನಡುವೆ ಇಡು.